ಲೆಸ್ ಪಾಲ್ ಗಿಟಾರನ್ನು ಬಂದ ಹಾಗೆಯೇ ಇಟ್ಟುಕೊಳ್ಳುವುದೋ, ಕೈಗೆ ಹೊಂದುವಂತೆ ಮಾರ್ಪಡಿಸುವುದೋ?

ಪ್ರಶ್ನೆ: ನೀರ್ಚಾಲಿನ ತಂತಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರದವನು. ಹದಿನೇಳು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದರೂ ಇತ್ತೀಚಿನವರೆಗೆ ನನ್ನ ಕೈಯಲ್ಲಿದ್ದದ್ದು ಕಾಲೇಜಿನ ದಿನಗಳಲ್ಲಿ ಮಂಗಳೂರಿನಿಂದ ತಂದ ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಒಂದೇ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದಿಟ್ಟ ಹಣದಿಂದ ಈ ಮಾರ್ಚ್ ತಿಂಗಳಲ್ಲಿ ಗಿಬ್ಸನ್ ಕಂಪೆನಿಯ ಲೆಸ್ ಪಾಲ್ ಸ್ಟ್ಯಾಂಡರ್ಡ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಕೊಂಡೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಅದರ ಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡೇ ಬಂದೆ. ಆ ರಾತ್ರಿ ನಿದ್ದೆ ಮಾಡಿದ ನೆನಪಿಲ್ಲ.

ಬೆಳಿಗ್ಗೆ ಚಾವಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ ಸಿಹಿಯಾದ ವಾಸನೆ. ಮಹಾಗನಿಯ ಒಡಲಿನ ಮೇಲೆ ಅಂಟಿಸಿದ ಮೇಪಲ್ ಹಲಗೆಯಲ್ಲಿ ಮರದ ಎಳೆಗಳು ಅಲೆಅಲೆಯಾಗಿ ಕಾಣುತ್ತವೆ. ಗಿಟಾರನ್ನು ಸ್ವಲ್ಪ ವಾಲಿಸಿದರೆ ಸಾಕು, ಬೆಳಕಿದ್ದ ಅಲೆ ಕಪ್ಪಾಗಿ ಕಪ್ಪಿದ್ದ ಅಲೆ ಹೊಳೆಯುತ್ತದೆ. ನನ್ನ ತಂದೆಯವರು ಸಂಗೀತದ ವಿಷಯದಲ್ಲಿ ಹೆಚ್ಚು ಮಾತನಾಡುವವರಲ್ಲ. ಅವರು ಬಂದು ಅದನ್ನು ಎರಡೂ ಕೈಗಳಿಂದ ಎತ್ತಿ ನೋಡಿ, "ಭಾರ ಇದೆ, ಒಳ್ಳೆಯ ಮರ" ಎಂದಷ್ಟೇ ಹೇಳಿದರು. ಆ ಮಾತು ನನಗೆ ಬಹಳ ಸಂತೋಷ ಕೊಟ್ಟಿತು.

ಈಗ ಪ್ರಶ್ನೆಗೆ ಬರುತ್ತೇನೆ. ಪತ್ತನಾಜೆ (ಮೇ ತಿಂಗಳ ಕೊನೆಯ ಭಾಗ) ಕಳೆದು ಮಳೆ ಹಿಡಿದ ಮೇಲೆ ದಪ್ಪ ತಂತಿಗಳು ಮೊದಲ ಫ್ರೆಟ್‌ನಿಂದ (ಬೆರಳಿಡುವ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಐದನೆಯದರವರೆಗೆ ಜರ್ ಎಂದು ಸದ್ದು ಮಾಡತೊಡಗಿವೆ. ಮೇಲಿನ ಫ್ರೆಟ್‌ಗಳಲ್ಲಿ ಆ ತೊಂದರೆ ಇಲ್ಲ. ಗಿಟಾರಿನ ನೆಕ್‌ನ (ಕತ್ತಿನ) ಒಳಗಿದ್ದು ಅದರ ಬಾಗನ್ನು ಸರಿಹೊಂದಿಸುವ ಸರಳು, ಅಂದರೆ ಟ್ರಸ್ ರಾಡ್ ತಿರುಗಿಸಬೇಕು ಎಂದು ಓದಿದ್ದೇನೆ. ಆದರೆ ಇಷ್ಟು ಬೆಲೆಯ ವಾದ್ಯಕ್ಕೆ ನಾನೇ ಪಾನ (ಸ್ಪ್ಯಾನರ್) ಹಾಕಲು ಕೈ ನಡುಗುತ್ತದೆ. ಎರಡನೆಯದಾಗಿ, ನೆಕ್ ಬದಿಯ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗದ) ನಾದ ನನಗೆ ತುಸು ಮಂದವೆನಿಸುತ್ತದೆ. ಬೇರೆ ಪಿಕಪ್ ಹಾಕಿಸಿದರೆ ಗಿಟಾರಿನ ಮೌಲ್ಯ ಕೆಡುತ್ತದೆಯೇ ಎಂಬುದು ನನ್ನ ಸಂದೇಹ. ಮೂರನೆಯದು, ನಾನು ಕರ್ನಾಟಕ ಸಂಗೀತದ ವರ್ಣಗಳನ್ನು ಗಿಟಾರಿನಲ್ಲಿ ನುಡಿಸಲು ಪ್ರಯತ್ನಿಸುತ್ತಿರುವುದರಿಂದ, ಗಮಕಗಳಿಗೆ ಅನುಕೂಲವಾಗುವಂತೆ ಫ್ರೆಟ್‌ಗಳ ನಡುವಿನ ಮರವನ್ನು ಕೊರೆಸಬಹುದೇ ಎಂಬ ಆಸೆ.

ನನ್ನ ಭಾವನವರ ಅಭಿಪ್ರಾಯ, ಇಂಥ ವಾದ್ಯವನ್ನು ಮುಟ್ಟಲೇಬಾರದು ಎಂದು. ಆದರೆ ನನ್ನ ಅಜ್ಜ ಯಕ್ಷಗಾನದ ಮದ್ದಳೆಗಾರರಾಗಿದ್ದರು. ಪ್ರತಿ ಆಟಕ್ಕೆ ಮೊದಲು ಅವರು ಬಾರುಗಳನ್ನು ಬಿಗಿದು, ಕಿವಿಗೊಟ್ಟು, ಮತ್ತೆ ಬಿಗಿದು ಶ್ರುತಿ ಕೂಡಿಸುತ್ತಿದ್ದದ್ದನ್ನು ನೋಡುತ್ತ ಬೆಳೆದವನಿಗೆ, ಒಂದು ವಾದ್ಯವನ್ನು ಬಂದ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದೇ ಗೌರವ ಎಂದು ಒಪ್ಪಲು ಕಷ್ಟವಾಗುತ್ತದೆ. ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ 1: ಉಪ್ಪಳದವ

ಅಭಿನಂದನೆಗಳು. ನನ್ನ ಸಲಹೆ ನಿಮ್ಮ ಭಾವನವರದ್ದೇ. ಈ ದರ್ಜೆಯ ಗಿಟಾರನ್ನು ಮುಂದೆ ಎಂದಾದರೂ ಮಾರಬೇಕಾಗಿ ಬಂದರೆ, ಕೊಳ್ಳುವವರು ಮೊದಲು ಹಿಂಬದಿಯ ಮುಚ್ಚಳ ಬಿಚ್ಚಿ ಒಳಗಿನ ಬೆಸುಗೆಗಳು ಕಾರ್ಖಾನೆಯವೇ ಎಂದು ನೋಡುತ್ತಾರೆ. ಒಂದು ಹೊಸ ತೂತು ಕಂಡರೂ ಬೆಲೆ ಇಳಿಯುತ್ತದೆ. ಟ್ರಸ್ ರಾಡ್ ಬೇರೆ ಮಾತು, ಅದು ತಿರುಗಿಸಲೆಂದೇ ಇರುವುದು. ಉಳಿದದ್ದನ್ನು ಹಾಗೆಯೇ ಬಿಡಿ.

ಉತ್ತರ 2: ಮಂಜೇಶ್ವರದ ಕಡಲಬದಿ

ನೀರ್ಚಾಲಿನವರಿಗೆ ನಮಸ್ಕಾರ. ಸುಮಾರು ಇಪ್ಪತ್ತೈದು ವರ್ಷಗಳಿಂದ ನನ್ನ ಗಿಟಾರ್‌ಗಳನ್ನೂ ಸ್ನೇಹಿತರ ಗಿಟಾರ್‌ಗಳನ್ನೂ ನಾನೇ ಸರಿಪಡಿಸಿಕೊಂಡು ಬಂದಿದ್ದೇನೆ. ಪಿಕಪ್ ಮತ್ತು ಫ್ರೆಟ್‌ಬೋರ್ಡಿನ ಪ್ರಶ್ನೆಗಳನ್ನು ಬಲ್ಲವರಿಗೆ ಬಿಟ್ಟು, ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನನ್ನ ಅನುಭವದಲ್ಲಿ, ಗಿಟಾರನ್ನು ತಮ್ಮದಾಗಿಸಿಕೊಳ್ಳಬೇಕೆಂದು ಹೊರಟವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಹೊಸ ಬಿಡಿಭಾಗವಲ್ಲ, ಒಳ್ಳೆಯ ಸೆಟಪ್, ಅಂದರೆ ಇರುವ ಭಾಗಗಳನ್ನೇ ಅಳೆದು ಸರಿಹೊಂದಿಸುವುದು.

ನೀವು ಹೇಳಿದ ಲಕ್ಷಣ ಸ್ಪಷ್ಟವಾಗಿದೆ. ಕೆಳಗಿನ ಐದು ಫ್ರೆಟ್‌ಗಳಲ್ಲಿ ಮಾತ್ರ ತಂತಿ ಬಡಿಯುತ್ತದೆ ಎಂದಾದರೆ ನೆಕ್ ಅಗತ್ಯಕ್ಕಿಂತ ಹೆಚ್ಚು ನೇರವಾಗಿದೆ ಅಥವಾ ತುಸು ಹಿಂದಕ್ಕೆ ಬಾಗಿದೆ ಎಂದು ಅರ್ಥ. ಕಂಪಿಸುವ ತಂತಿಗೆ ಜಾಗ ಬೇಕು. ಅದಕ್ಕಾಗಿ ನೆಕ್ ಮುಂದಕ್ಕೆ ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿರಬೇಕು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿದಾಗ ಈ ಬಾಗು ಬದಲಾಗುತ್ತದೆ. ಯಾವ ಕಡೆಗೆ ಬದಲಾಗುತ್ತದೆ ಎಂಬುದು ಒಂದೊಂದು ಗಿಟಾರಿನಲ್ಲಿ ಒಂದೊಂದು ರೀತಿ, ಆದ್ದರಿಂದ ಊಹಿಸದೆ ಅಳೆಯಿರಿ.

ಅಳೆಯುವುದಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಅಂತರ ನೋಡುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ಲೋಹದ ತೆಳು ಹಾಳೆಗಳ ಕಟ್ಟು) ಇರುತ್ತದಲ್ಲ, ಅದೇ ಸಾಕು. ತಂತಿಗಳನ್ನು ಶ್ರುತಿಯಲ್ಲೇ ಇಟ್ಟು, ಗಿಟಾರನ್ನು ನುಡಿಸುವ ಭಂಗಿಯಲ್ಲಿ ಹಿಡಿದು, ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅತಿ ದಪ್ಪದ ತಂತಿಯನ್ನು ನೆಕ್ ಒಡಲನ್ನು ಸೇರುವಲ್ಲಿನ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಆಗ ತಂತಿಯೇ ಅಳತೆಪಟ್ಟಿ. ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವೆ 0.2ರಿಂದ 0.3 ಮಿ.ಮೀ. ಅಂತರ ಇರಬೇಕು. ನಿಮ್ಮ ಗಿಟಾರಿನಲ್ಲಿ ತಂತಿ ಫ್ರೆಟ್‌ಗೆ ತಾಗಿಕೊಂಡೇ ಇದ್ದರೆ ನನ್ನ ಊಹೆ ಸರಿ.

ಅನಂತರ ತಲೆಭಾಗದಲ್ಲಿರುವ ಗಂಟೆಯಾಕಾರದ ಸಣ್ಣ ಮುಚ್ಚಳದ ಎರಡು ಸ್ಕ್ರೂಗಳನ್ನು ಬಿಚ್ಚಿ. ಒಳಗೆ ಹಿತ್ತಾಳೆಯ ಆರು ಮೂಲೆಯ ನಟ್ಟು ಕಾಣುತ್ತದೆ. ಗಿಬ್ಸನ್ ಗಿಟಾರ್‌ಗಳಿಗೆ 5/16 ಇಂಚಿನ ಕೊಳವೆ ಪಾನ ಸರಿಯಾಗುತ್ತದೆ. ತಲೆಯ ಕಡೆಯಿಂದ ಒಡಲಿನ ಕಡೆಗೆ ನೋಡುತ್ತ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಪೆಟ್ಟಿಗೆಯಲ್ಲಿಟ್ಟು ಮರುದಿನ ಅಳೆಯಿರಿ. ಮರ ತನ್ನ ಜಾಗಕ್ಕೆ ಬಂದು ನಿಲ್ಲುವುದಕ್ಕೆ ಸಮಯ ತೆಗೆದುಕೊಳ್ಳುತ್ತದೆ; ಅವಸರದಿಂದ ಒಂದೇ ಸಂಜೆ ಮೂರು ಸಲ ತಿರುಗಿಸಿದವರು ಮರುದಿನ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ನಟ್ಟು ಅಲುಗದೆ ಬಿಗಿಯಾಗಿ ನಿಂತರೆ ಬಲ ಹಾಕದೆ ನಿಲ್ಲಿಸಿಬಿಡಿ. ಭಯಪಡಬೇಕಾಗಿಲ್ಲ: ಗಿಬ್ಸನ್ ಕಂಪೆನಿ ಈ ಸರಿಹೊಂದಿಸುವ ಸರಳಿಗೆ ಪೇಟೆಂಟ್ ಪಡೆದದ್ದೇ 1923ರಲ್ಲಿ, ನೂರು ವರ್ಷಗಳಿಂದ ಅದು ಇರುವುದು ವಾದ್ಯದ ಯಜಮಾನ ತಿರುಗಿಸಲಿ ಎಂದೇ.

ಧನು, ಮಕರ ತಿಂಗಳುಗಳಲ್ಲಿ ಗಾಳಿ ಒಣಗಿದಾಗ ಇದೇ ನೆಕ್ ಇನ್ನೊಂದು ಬದಿಗೆ ಹೊರಳುತ್ತದೆ. ಆದ್ದರಿಂದ ನಾನು ಪತ್ತನಾಜೆಯ ಆಸುಪಾಸಿನಲ್ಲಿ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ಎಲ್ಲ ಗಿಟಾರ್‌ಗಳನ್ನೂ ಅಳೆಯುತ್ತೇನೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ಒಮ್ಮೆ, ಕಟ್ಟುವಾಗ ಒಮ್ಮೆ ಎಂದು ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ.

ಗಿಟಾರಿಗೆ ಹಿತವಾದದ್ದು ಶೇಕಡಾ 45ರಿಂದ 55ರಷ್ಟು ತೇವಾಂಶ. ನಮ್ಮ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದು ದಿನಗಟ್ಟಲೆ 80 ದಾಟಿ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ತೇವಾಂಶ ಮಾಪಕವೊಂದನ್ನೂ ಸಿಲಿಕಾ ಜೆಲ್ ಚೀಲಗಳನ್ನೂ ಇಡಿ, ಬಣ್ಣ ತಿರುಗಿದ ಚೀಲಗಳನ್ನು ಒಣಗಿಸಿ ಮತ್ತೆ ಬಳಸಿ. ಅಡಿಕೆ ಹರಡುವ ಅಟ್ಟದಲ್ಲಿ ಮಾತ್ರ ಇಡಬೇಡಿ, ಅಲ್ಲಿ ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಬಹಳ ವ್ಯತ್ಯಾಸ. ಸಮುದ್ರದ ಗಾಳಿ ಬೀಸುವ ನನ್ನಂಥವರ ಮನೆಗಳಲ್ಲಿ ಬ್ರಿಡ್ಜಿನ (ಒಡಲಿನ ಮೇಲೆ ತಂತಿಗಳು ಕೂರುವ ಭಾಗದ) ಸ್ಕ್ರೂಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದದ್ದನ್ನು ಕಂಡಿದ್ದೇನೆ. ನುಡಿಸಿದ ಮೇಲೆ ತಂತಿ, ಬ್ರಿಡ್ಜ್ ಎರಡನ್ನೂ ಒಣ ಹತ್ತಿಬಟ್ಟೆಯಿಂದ ಒರೆಸುವುದನ್ನು ಬಿಡಬಾರದು.

ಇನ್ನೊಂದು ಮಾತು, ನನ್ನ ನಷ್ಟದಿಂದ ಕಲಿತದ್ದು. ನೈಟ್ರೋ ಲ್ಯಾಕರ್ ಕೆಲವು ಬಗೆಯ ರಬ್ಬರ್ ಮತ್ತು ಫೋಮ್‌ನೊಂದಿಗೆ ರಾಸಾಯನಿಕವಾಗಿ ಬೆರೆತು ಮೆತ್ತಗಾಗುತ್ತದೆ. ನನ್ನ ಮೊದಲ ಒಳ್ಳೆಯ ಗಿಟಾರನ್ನು ಒಂದು ತಿಂಗಳು ಸಾಮಾನ್ಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದೆ. ಎತ್ತುವಾಗ ಕೆಳಬದಿಯಲ್ಲಿ ಹೆಬ್ಬೆರಳಿನಗಲದ ಎರಡು ಕಲೆಗಳು ಮರದವರೆಗೂ ಇಳಿದಿದ್ದವು. ಸ್ಟ್ಯಾಂಡ್ ಬಳಸುವುದಾದರೆ ಹತ್ತಿಬಟ್ಟೆ ಸುತ್ತಿಯೇ ಬಳಸಿ.

ಮೂರನೆಯ ತಂತಿ ಆಗಾಗ ಶ್ರುತಿ ತಪ್ಪುತ್ತಿದೆಯೇ? ಲೆಸ್ ಪಾಲ್‌ನಲ್ಲಿ ತಲೆಭಾಗ ಸುಮಾರು 17 ಡಿಗ್ರಿ ಹಿಂದಕ್ಕೆ ವಾಲಿರುವುದರಿಂದಲೂ ತಂತಿ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿಗಳು ತೋಡುಗಳಲ್ಲಿ ಕೂರುವ ಪಟ್ಟಿ, ಮೇಲೆ ಹೇಳಿದ ಆರು ಮೂಲೆಯ ನಟ್ಟಲ್ಲ) ಓರೆಯಾಗಿ ಶ್ರುತಿ ಮಾಡುವ ಕೀಯ ಕಡೆಗೆ ಹೋಗುವುದರಿಂದಲೂ ಆ ತೋಡಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತದೆ. ಮೆತ್ತಗಿನ ಪೆನ್ಸಿಲಿನ ಸೀಸವನ್ನು ತೋಡಿಗೆ ಉಜ್ಜಿ ನೋಡಿ. ಸಾಲದಿದ್ದರೆ ಮೂಳೆಯ ಹೊಸ ನಟ್ ಮಾಡಿಸಿಕೊಳ್ಳಿ; ಗಿಟಾರಿಗೆ ಕೈ ಹಾಕಲು ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಉತ್ತರ 3: ಚಂದ್ರಗಿರಿ ತೀರ

ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಸಂಜೆಯಾದರೆ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಎಂಬ ಫೆಂಡರ್ ಗಿಟಾರ್ ಹಿಡಿದು ಕೂರುವವಳು. ಪಿಕಪ್‌ನ ಪ್ರಶ್ನೆಗೆ ಉತ್ತರಿಸುವ ಮೊದಲು, ನಿಮ್ಮ ಗಿಟಾರಿನೊಳಗೆ ಏನಿದೆ ಎಂದು ಹೇಳಬೇಕು, ಯಾಕೆಂದರೆ ಅದನ್ನು ತಿಳಿದು ಕೇಳಿದಾಗ ನಾದವೇ ಬೇರೆಯಾಗಿ ಕೇಳಿಸುತ್ತದೆ.

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದಕ್ಕೆ ಸೇರಿದ ತಾಮ್ರದ ಸುರುಳಿ. ಕೂದಲೆಳೆಯಷ್ಟು ತೆಳ್ಳಗಿನ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಒಂದೇ ಸುರುಳಿ ಇದ್ದರೆ ತೊಂದರೆ ಏನೆಂದರೆ, ಅದು ಮನೆಯ ವಯರಿಂಗ್, ಫ್ಯಾನ್, ತೋಟದ ಪಂಪ್‌ಸೆಟ್ ಎಲ್ಲದರ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಇದಕ್ಕೆ ಗಿಬ್ಸನ್ ಕಂಪೆನಿಯ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಪರಿಹಾರವೇ ಹಂಬಕರ್. ಪಕ್ಕಪಕ್ಕದ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ವಿರುದ್ಧವಾಗಿಟ್ಟರೆ, ತಂತಿಯ ನಾದ ಎರಡರಿಂದಲೂ ಕೂಡಿ ಬರುತ್ತದೆ, ಹೊರಗಿನ ಗುಂಯ್‌ಕಾರ ಮಾತ್ರ ಒಂದನ್ನೊಂದು ಅಳಿಸಿಹಾಕುತ್ತದೆ. 1952ರಲ್ಲಿ ಬಂದ ಲೆಸ್ ಪಾಲ್‌ಗೆ ಈ ಪಿಕಪ್ ಸೇರಿದ್ದು 1957ರಲ್ಲಿ. ನೀವು ಮಂದ ಎಂದದ್ದು ಈ ಎರಡು ಸುರುಳಿಗಳ ದಪ್ಪ ನಾದವನ್ನೇ. ಸ್ಟ್ರಾಟ್‌ನ ಗಾಜಿನಂಥ ಸ್ವರ ಅಲ್ಲಿ ಸಿಗುವುದಿಲ್ಲ.

ಆದರೂ ಒಡನೆಯೇ ಹೊಸ ಪಿಕಪ್ ಕೊಳ್ಳಬೇಡಿ. ಪಿಕಪ್‌ನ ಎರಡೂ ತುದಿಗಳಲ್ಲಿರುವ ಸ್ಕ್ರೂಗಳಿಂದ ಅದನ್ನು ಏರಿಸಬಹುದು, ಇಳಿಸಬಹುದು. ತಂತಿಗಳನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ನೆಕ್ ಬದಿಯ ಪಿಕಪ್‌ಗೂ ತಂತಿಗೂ ಸುಮಾರು 2.4 ಮಿ.ಮೀ., ಬ್ರಿಡ್ಜ್ ಬದಿಯದಕ್ಕೆ ಸುಮಾರು 1.6 ಮಿ.ಮೀ. ಅಂತರ ಇರಲಿ, ಅಲ್ಲಿಂದ ಹೊರಟು, ನೆಕ್ ಪಿಕಪ್‌ನ ದಪ್ಪ ತಂತಿಗಳ ಬದಿಯನ್ನು ಕಾಲು ಸುತ್ತಿನ ಲೆಕ್ಕದಲ್ಲಿ ಇಳಿಸುತ್ತ ಕೇಳಿ. ಎರಡು ಸಂಜೆಗಳನ್ನು ಇದಕ್ಕೇ ಕೊಡಿ. ಸ್ಕ್ರೂ ಒಂದಿಷ್ಟು ತಿರುಗಿದ್ದಕ್ಕೆ ಮಂಜು ಹರಿದಂತೆ ಸ್ವರ ತಿಳಿಯಾಗುವ ಒಂದು ಬಿಂದು ಬರುತ್ತದೆ. ಅದನ್ನು ನಿಮ್ಮ ಕಿವಿಯೇ ಹುಡುಕಿದಾಗ ಆಗುವ ಸಂತೋಷ, ದುಡ್ಡು ಕೊಟ್ಟು ತಂದ ಬಿಡಿಭಾಗದಿಂದ ನನಗೆ ಎಂದೂ ಆಗಿಲ್ಲ.

ಅದೂ ಸಾಲದೆ ಹೋದರೆ ಟೋನ್ ಕೆಪಾಸಿಟರ್‌ನ ಒಂದು ತುದಿಯನ್ನು ವಾಲ್ಯೂಮ್ ಪಾಟ್‌ನ (ಗುಂಡಿಯ ಕೆಳಗಿರುವ, ತಿರುಗಿಸಿ ಬದಲಿಸಬಲ್ಲ ರೋಧಕದ) ಒಳಬರುವ ಕಾಲಿನಿಂದ ಹೊರಹೋಗುವ ಕಾಲಿಗೆ ಬದಲಿಸಬಹುದು. 1950ರ ದಶಕದ ಗಿಟಾರ್‌ಗಳಲ್ಲಿದ್ದ ಜೋಡಣೆ ಇದು, ವಾಲ್ಯೂಮ್ ಇಳಿಸಿದಾಗಲೂ ಸ್ವರದ ಹೊಳಪು ಉಳಿಯುತ್ತದೆ. ನಿಮ್ಮ ಗಿಟಾರಿನಲ್ಲಿ ಈಗಾಗಲೇ ಹಾಗಿದೆಯೇ ಎಂದು ಮೊದಲು ನೋಡಿ. ಒಂದೇ ಸುರುಳಿಯನ್ನು ನುಡಿಸುವ ಕಾಯಿಲ್ ಸ್ಪ್ಲಿಟ್ ಮಾಡುವುದಾದರೆ ಪಿಕಪ್‌ನಿಂದ ನಾಲ್ಕು ಎಳೆಗಳು ಹೊರಬಂದಿರಬೇಕು. ಹಳೆಯ ಶೈಲಿಯ ಹಂಬಕರ್‌ಗಳಲ್ಲಿ ಒಳಗೊಂದು ಎಳೆ, ಸುತ್ತ ಹೆಣೆದ ಲೋಹದ ಕವಚ ಅಷ್ಟೇ ಇರುತ್ತದೆ. ಅವನ್ನು ಬಿಚ್ಚದೆ ಬೇರ್ಪಡಿಸಲಾಗದು. ಬೇರ್ಪಡಿಸಿದರೆ ಪಂಪ್‌ಸೆಟ್‌ನ ಗುಂಯ್‌ಕಾರವೂ ಹಿಂತಿರುಗುತ್ತದೆ ಎಂಬುದು ನೆನಪಿರಲಿ.

ಉಪ್ಪಳದವರು ಹೇಳಿದ ಬೆಲೆಯ ಮಾತು ನಿಜವೇ. ಆದರೆ ಹಿಂದಿರುಗಿಸಬಹುದಾದ ಬದಲಾವಣೆಗೂ ಹಿಂದಿರುಗಿಸಲಾಗದ್ದಕ್ಕೂ ದೊಡ್ಡ ವ್ಯತ್ಯಾಸವಿದೆ. ಹೊಸ ತೂತು ಕೊರೆಯದೆ, ಬಿಚ್ಚುವ ಮೊದಲು ಒಳಗಿನ ಫೋಟೋ ತೆಗೆದು, ಬಿಚ್ಚಿದ ಪಿಕಪ್, ಪಾಟ್, ಸ್ಕ್ರೂ ಎಲ್ಲವನ್ನೂ ಚೀಟಿ ಬರೆದು ಡಬ್ಬದಲ್ಲಿಟ್ಟರೆ ಗಿಟಾರನ್ನು ಹೆಚ್ಚುಕಡಿಮೆ ಮೊದಲಿನ ರೂಪಕ್ಕೆ ತರಬಹುದು. ಬೆಸುಗೆ ಹಾಕಲು 25 ವ್ಯಾಟ್‌ನ ಸಣ್ಣ ಐರನ್ ಸುರಕ್ಷಿತ ಎಂದು ನಂಬಿ ನಾನು ಕೆಟ್ಟಿದ್ದೇನೆ. ಪಾಟ್‌ನ ಬೆನ್ನು ದಪ್ಪ ಲೋಹ, ಬಿಸಿಯನ್ನೆಲ್ಲ ಅದು ಹೀರಿಕೊಳ್ಳುತ್ತದೆ; ಸೀಸ ಕರಗಲಿಲ್ಲವೆಂದು ನಾನು ಒತ್ತಿ ಹಿಡಿದೇ ಇದ್ದೆ, ಒಳಗಿನ ಇಂಗಾಲದ ಪಟ್ಟಿ ಬೆಂದು ಮೂಲ ಪಾಟ್ ಹಾಳಾಯಿತು. 60 ವ್ಯಾಟ್‌ನ ಐರನ್ ತೆಗೆದುಕೊಂಡು ಎರಡು ಮೂರು ಸೆಕೆಂಡುಗಳಲ್ಲಿ ಕೆಲಸ ಮುಗಿಸುವುದೇ ಸರಿಯಾದ ಕ್ರಮ. ಹಂಬಕರ್‌ಗೆ 500 ಕಿಲೋ ಓಮ್, ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್ ಪಾಟ್ ಬಳಸುವುದು ರೂಢಿ. ಕಡಿಮೆ ಓಮ್‌ನ ಪಾಟ್ ತಾರ ಸ್ವರಗಳ ಹೊಳಪನ್ನು ಇಳಿಸುತ್ತದೆ.

ಕೊನೆಗೆ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಗಿಟಾರಿನ ತಂತಿಗಳು ಆ್ಯಂಪ್‌ನ ಮೂಲಕ ಅರ್ತ್‌ಗೆ ಸೇರಿರುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ಸಾಕೆಟ್‌ನ ಮೂರನೆಯ ತೂತಿಗೆ ಎಷ್ಟೋ ಕಡೆ ವಯರೇ ಇರುವುದಿಲ್ಲ. ತಂತಿ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅಂದೇ ನುಡಿಸುವುದನ್ನು ನಿಲ್ಲಿಸಿ, ಎಲೆಕ್ಟ್ರೀಷಿಯನ್‌ನಿಂದ ಅರ್ತ್ ಸರಿಪಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಆ್ಯಂಪ್ ಆದರೆ ಅದು 120 ವೋಲ್ಟ್‌ನದ್ದಾಗಿರಬಹುದು, ನೇರವಾಗಿ ನಮ್ಮ 230 ವೋಲ್ಟ್‌ಗೆ ಜೋಡಿಸಬಾರದು.

ಉತ್ತರ 4: ಮುಳ್ಳೇರಿಯದ ಹಲಸು

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸಬೇಕೆನಿಸಿತು, ಯಾಕೆಂದರೆ ಗಿಟಾರಿನಲ್ಲಿ ತೋಡಿಯನ್ನೂ ಶಂಕರಾಭರಣವನ್ನೂ ನುಡಿಸಲು ನಾನೂ ಬಹಳ ವರ್ಷ ಒದ್ದಾಡಿದವನು.

ವೀಣೆಯಲ್ಲಿ 24 ಹಿತ್ತಾಳೆಯ ಮೆಟ್ಟುಗಳನ್ನು ಮೇಣದಲ್ಲಿ ಎತ್ತರವಾಗಿ ಕೂರಿಸಿರುತ್ತಾರೆ. ತಂತಿಯ ಕೆಳಗೆ ಬೆರಳು ಮರಕ್ಕೆ ತಾಗುವುದಿಲ್ಲ, ಆದ್ದರಿಂದ ಎಳೆದಷ್ಟೂ ತಂತಿ ಬರುತ್ತದೆ. ಗಿಟಾರಿನ ಫ್ರೆಟ್‌ಗಳ ನಡುವೆ ಮರವನ್ನು ದೋಣಿಯಾಕಾರಕ್ಕೆ ಕೊರೆಯುವುದರ ಉದ್ದೇಶವೂ ಅದೇ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರು, ಭಾರತೀಯ ಸಂಗೀತವನ್ನು ಜಾಝ್‌ನೊಂದಿಗೆ ಬೆರೆಸಿದ ಶಕ್ತಿ ತಂಡದ ದಿನಗಳಲ್ಲಿ ಅಂಥ ಗಿಟಾರನ್ನೇ ನುಡಿಸಿದರು. ಆದರೆ ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರನ್ನೂ ನೆನೆಯಿರಿ. ಎಂಟು ತಂತಿಗಳು ಜೋಡಿ ಜೋಡಿಯಾಗಿರುವ ವಾದ್ಯವನ್ನು ಐದು ಒಂಟಿ ತಂತಿಗಳ ವಿದ್ಯುತ್ ವಾದ್ಯವನ್ನಾಗಿ ಮಾಡಿಕೊಂಡು ಅವರು ಗಮಕಗಳನ್ನು ನುಡಿಸಿದ ರೀತಿಯನ್ನು ಕೇಳಿದವರಿಗೆ, ವಾದ್ಯವನ್ನು ತನ್ನ ಸಂಗೀತಕ್ಕೆ ಒಗ್ಗಿಸಿಕೊಳ್ಳುವುದು ಎಂದರೇನು ಎಂದು ಬೇರೆ ವಿವರಿಸಬೇಕಾಗಿಲ್ಲ.

ಆದರೂ ನಿಮ್ಮ ಲೆಸ್ ಪಾಲನ್ನು ಕೊರೆಸಬೇಡಿ. ಅದರ ಫ್ರೆಟ್‌ಬೋರ್ಡಿನಲ್ಲಿ ಮುತ್ತಿನ ಬಣ್ಣದ ತೆಳುವಾದ ಬಿಲ್ಲೆಗಳಿವೆ, ಅಂಚಿಗೆ ಬಿಳಿ ಪಟ್ಟಿ ಇದೆ. ಕೊರೆದರೆ ಎರಡೂ ಹೋಗುತ್ತವೆ, ನೆಕ್ ಒಡಲಿಗೆ ಅಂಟಿಕೊಂಡಿರುವುದರಿಂದ ಬೇರೆ ನೆಕ್ ಹಾಕುವಂತೆಯೂ ಇಲ್ಲ. ಆ ಫ್ರೆಟ್‌ಬೋರ್ಡಿಗೆ ಬಳಸುವ ಮರದ ಬಗ್ಗೆಯೂ ಒಂದು ಮಾತು. ಬ್ರೆಜಿಲ್‌ನ ರೋಸ್‌ವುಡ್ 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಗೆ ಸೇರಿತು. ಇಂದು ಜಗತ್ತಿನ ಗಿಟಾರ್ ತಯಾರಕರು ವ್ಯಾಪಕವಾಗಿ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ, ನಮ್ಮ ಮಲಯಾಳಿ ನೆರೆಯವರು ಈಟ್ಟಿ ಎನ್ನುವ ಮರ. ಇಷ್ಟು ದೂರ ಸುತ್ತಿ ಅದು ಈ ಸೀಮೆಗೆ ವಾದ್ಯವಾಗಿ ಹಿಂತಿರುಗಿರಬಹುದು ಎಂದು ಯೋಚಿಸಿದಾಗ ಅದಕ್ಕೆ ಉಳಿ ಇಡಲು ನನಗೆ ಮನಸ್ಸು ಬಾರದು.

ಗಮಕಕ್ಕೆ ಬೇರೆ ದಾರಿಗಳಿವೆ. ಲೆಸ್ ಪಾಲ್‌ನ ತಂತಿಯ ನುಡಿಯುವ ಉದ್ದ 628 ಮಿ.ಮೀ., ಸ್ಟ್ರಾಟ್‌ನದ್ದು 648. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ತಂದರೆ ನಿಮ್ಮದರಲ್ಲಿ ಬಿಗಿತ ಸುಮಾರು ಶೇಕಡಾ 6ರಷ್ಟು ಕಡಿಮೆ. ಮೊದಲ ತಂತಿಯನ್ನು 10ರಿಂದ 9ರ ದಪ್ಪಕ್ಕೆ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕ) ಇಳಿಸಿದರೆ ಇನ್ನೂ ಶೇಕಡಾ 19ರಷ್ಟು ಬಿಗಿತ ಇಳಿಯುತ್ತದೆ. ಮುಂದೆ ಫ್ರೆಟ್ ಸವೆದು ಬದಲಿಸಬೇಕಾದ ಕಾಲ ಬಂದಾಗ 1.4 ಮಿ.ಮೀ. ಎತ್ತರದ ಫ್ರೆಟ್ ಹಾಕಿಸಿ. ಕೊರೆಯದೆಯೇ ಅರ್ಧ ಅನುಕೂಲ ದೊರೆಯುತ್ತದೆ.

ಕೊರೆದ ಗಿಟಾರೇ ಬೇಕೆಂದರೆ ಅದಕ್ಕೆಂದೇ ಇನ್ನೊಂದನ್ನು ಕಟ್ಟಿಕೊಳ್ಳಿ. ನಾನು ಹಾಗೆಯೇ ಮಾಡಿದೆ. ಫೆಂಡರ್ ಮಾದರಿಯಲ್ಲಿ ನೆಕ್ಕನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ, ಬಿಚ್ಚಿ ಬದಲಿಸಬಹುದು. ನೆಕ್ ಒಂದನ್ನು ತರಿಸಿದೆ. ಒಡಲಿಗೆ ಮಾತ್ರ ಹೊರಗಿನ ಮರ ಬೇಡವೆನಿಸಿತು. ಮದ್ದಳೆಗೂ ವೀಣೆಗೂ ಹಲಸು ಆಗುತ್ತದೆ ಎಂದಾದರೆ ಗಿಟಾರಿಗೆ ಯಾಕೆ ಆಗಬಾರದು? ನಮ್ಮ ಹಿತ್ತಿಲಿನಲ್ಲಿ ಗಾಳಿಗೆ ಬಿದ್ದ ಹಲಸಿನ ಹಲಗೆಗಳು ಒಂಬತ್ತು ವರ್ಷಗಳಿಂದ ಕೊಟ್ಟಿಗೆಯ ಅಟ್ಟದಲ್ಲಿ ಒಣಗಿದ್ದವು. ಊರಿನ ಆಚಾರರಲ್ಲಿಗೆ ಒಂದು ಹಲಗೆಯನ್ನೂ ನೆಕ್ಕನ್ನೂ ಕೊಂಡೊಯ್ದೆ. ನೆಕ್ ಕೂರುವ ಕುಳಿಯ ಅಳತೆ 56 ಮಿ.ಮೀ. ಅಗಲ, 16 ಮಿ.ಮೀ. ಆಳ ಎಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಲೆಕ್ಕದಲ್ಲಿ (ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ) "ಎರಡು ಇಂಚು ಒಂದೂವರೆ ನೂಲು ಅಗಲ, ಐದು ನೂಲು ಆಳ" ಎಂದು ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡರು. ಯಂತ್ರ ಮುಟ್ಟಲಿಲ್ಲ. ಇಡೀ ಮಧ್ಯಾಹ್ನ ಉಳಿಯಿಂದಲೇ ಕುಳಿ ತೆಗೆದು, ನೆಕ್ಕನ್ನು ಒತ್ತಿ ಕೂರಿಸಿ, ಸ್ಕ್ರೂ ಹಾಕದೆಯೇ ನೆಕ್ ಹಿಡಿದು ಇಡೀ ಹಲಗೆಯನ್ನು ಎತ್ತಿ ತೋರಿಸಿದರು. ಒಡಲು ಕೆಳಗೆ ಜಾರಲಿಲ್ಲ. ಆ ಕ್ಷಣವನ್ನು ನಾನು ಮರೆಯಲಾರೆ.

ಆಗ ಹಳದಿಯಾಗಿದ್ದ ಹಲಸು ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಫ್ರೆಟ್‌ಬೋರ್ಡನ್ನು ಹನ್ನೆರಡನೆಯ ಫ್ರೆಟ್‌ನಿಂದ ಮೇಲಕ್ಕೆ ಮಾತ್ರ ಕೊರೆದಿದ್ದೇನೆ, ಯಾಕೆಂದರೆ ಕೆಳಗೆ ಕೊರೆದರೆ ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಏರುತ್ತದೆ. ವಾದ್ಯವನ್ನು ತಾವೇ ಕಟ್ಟಿಕೊಳ್ಳುವುದನ್ನು ದೊಡ್ಡವರೂ ಮಾಡಿದ್ದಾರೆ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ಅವರು 1963ರಲ್ಲಿ ತಂದೆಯೊಂದಿಗೆ ಮನೆಯಲ್ಲೇ ಗಿಟಾರ್ ಕಟ್ಟಲು ತೊಡಗಿದಾಗ ನೆಕ್‌ಗೆ ಬಳಸಿದ್ದು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರವನ್ನು. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮೂರು ಸ್ಟ್ರಾಟ್‌ಗಳ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದನ್ನು ಮಾಡಿಕೊಂಡರು. 2004ರ ಹರಾಜಿನಲ್ಲಿ ಅದಕ್ಕೆ 9,59,500 ಡಾಲರ್ ಬಂತು. ಆ ಬೆಲೆ ನುಡಿಸಿದವರ ಹೆಸರಿಗೆ ಬಂದದ್ದು ಎಂಬುದು ನಿಜ, ಆದರೆ ಬಿಡಿಭಾಗ ಬದಲಿಸಿದರೆ ವಾದ್ಯ ಕೆಟ್ಟಿತು ಎಂಬ ಮಾತಿಗೆ ಅದೂ ಒಂದು ಉತ್ತರ.

ನೀರ್ಚಾಲಿನ ತಂತಿ (ಎರಡು ವಾರಗಳ ಬಳಿಕ)

ಎಲ್ಲರಿಗೂ ಕೃತಜ್ಞತೆಗಳು. ಕಡಲಬದಿಯವರು ಹೇಳಿದಂತೆ ಬೈಕ್ ಗ್ಯಾರೇಜಿನ ಗೇಜ್ ತಂದು ಅಳೆದಾಗ ಅತಿ ತೆಳುವಾದ ಹಾಳೆಯೂ ತಂತಿಯ ಕೆಳಗೆ ನುಗ್ಗಲಿಲ್ಲ. ಎಂಟನೇ ಒಂದು ಸುತ್ತು ಸಡಿಲಿಸಿ ಮರುದಿನ ನೋಡಿದೆ, ಸಾಲಲಿಲ್ಲ. ಇನ್ನೊಮ್ಮೆ ಅಷ್ಟೇ ಸಡಿಲಿಸಿದೆ. ಮೂರನೆಯ ದಿನ ಬೆಳಿಗ್ಗೆ 0.2ರ ಹಾಳೆ ಸಲೀಸಾಗಿ ಹೋಯಿತು, ಮೊದಲ ಫ್ರೆಟ್‌ನಲ್ಲಿ ದಪ್ಪ ತಂತಿ ಮೀಟಿದಾಗ ಜರ್ ಸದ್ದಿಲ್ಲದೆ ಸ್ವರ ಉದ್ದಕ್ಕೂ ನಿಂತಿತು. ಮನೆಯವರನ್ನೆಲ್ಲ ಕರೆದು ಕೇಳಿಸಿದೆ. ಭಾವನವರು ಪಾನವನ್ನು ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಚಂದ್ರಗಿರಿಯ ಅಕ್ಕ, ನೀವು ಹೇಳಿದ ಆ ಬಿಂದು ಸಿಕ್ಕಿತು. ದಪ್ಪ ತಂತಿಗಳ ಬದಿಯನ್ನು ಒಂದೂವರೆ ಸುತ್ತು ಇಳಿಸಿದ ಮೇಲೆ ನೆಕ್ ಪಿಕಪ್‌ನಲ್ಲಿ ಮಂದ್ರದ ಸ್ವರಗಳು ಬಿಡಿಬಿಡಿಯಾಗಿ ಕೇಳಿಸುತ್ತಿವೆ. ಹೊಸ ಪಿಕಪ್‌ನ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಸಾಕೆಟ್ ಬಿಚ್ಚಿಸಿ ನೋಡಿದಾಗ ಚಾವಡಿಯಲ್ಲಿ ಅರ್ತ್ ವಯರ್ ನಿಜವಾಗಿಯೂ ಇರಲಿಲ್ಲ, ಈಗ ಹಾಕಿಸಿದೆ. ಫ್ರೆಟ್‌ಬೋರ್ಡನ್ನು ಕೊರೆಸುವುದಿಲ್ಲ. ನಮ್ಮ ಕೊಟ್ಟಿಗೆಯ ಅಟ್ಟದಲ್ಲೂ ಹಲಸಿನ ಹಲಗೆ ಇದೆ, ಮಳೆ ಬಿಟ್ಟ ಮೇಲೆ ಇಳಿಸಿ ನೋಡಬೇಕು.

ಮೂರನೆಯ ತಂತಿ ಪೆನ್ಸಿಲಿನ ಸೀಸಕ್ಕೆ ಪೂರ್ತಿ ಬಗ್ಗಲಿಲ್ಲವಾದ್ದರಿಂದ ಮೂಳೆಯ ನಟ್ ಮಾಡಿಸಿದೆ. ಹಳೆಯ ನಟ್ಟನ್ನು ಕಾಗದದಲ್ಲಿ ಸುತ್ತಿ, ದಿನಾಂಕ ಬರೆದು, ಗಿಟಾರಿನ ಪೆಟ್ಟಿಗೆಯೊಳಗಿನ ಸಣ್ಣ ಖಾನೆಯಲ್ಲಿ ಇಟ್ಟಿದ್ದೇನೆ.